ಸಂಪರ್ಕ ಸಂಖ್ಯೆ ಅಚ್ಚಾಗುವ ಮೊದಲು: ಕೃಷಿ, ಆಹಾರ ಕುರಿತ ಬರಹವನ್ನು ಕಸುಬಾಗಿಸಿಕೊಳ್ಳುವವರಿಗೆ

ಕನ್ನಡ ಪತ್ರಿಕೆಗಳ ಕೃಷಿ ಲೇಖನದ ಕೊನೆಯಲ್ಲಿ ಬೇರೆ ಬಗೆಯ ಲೇಖನಗಳಲ್ಲಿ ಕಾಣಸಿಗದ ಒಂದು ಸಾಲು ಇರುತ್ತದೆ. ರೈತರ ಹೆಸರು, ಊರು, ‘ಸಂಪರ್ಕಕ್ಕೆ’ ಎಂದು ಹತ್ತು ಅಂಕಿಯ ಮೊಬೈಲ್ ಸಂಖ್ಯೆ, ಕೆಲವೊಮ್ಮೆ ಆವರಣದಲ್ಲಿ ‘ರಾತ್ರಿ 7ರಿಂದ 8’ ಎಂಬ ಸೂಚನೆ. ಕಥೆ ಓದಿದವರು ಮೆಚ್ಚಿ ಪತ್ರಿಕೆ ಮಡಿಸಿಡುತ್ತಾರೆ, ರಾಜಕೀಯ ಓದಿದವರು ಬೈದು ಮಡಿಸಿಡುತ್ತಾರೆ, ಕೃಷಿ ಲೇಖನ ಓದಿದವರು ಮಾತ್ರ ಫೋನ್ ಮಾಡುತ್ತಾರೆ. ಹಾಗೆ ಫೋನ್ ಮಾಡಿದವರಲ್ಲಿ ಕೆಲವರು ಮರುವಾರವೇ ಸಸಿ ತರುತ್ತಾರೆ, ಸಹಕಾರ ಸಂಘದಲ್ಲಿ ಸಾಲ ಎತ್ತುತ್ತಾರೆ, ನಿಂತ ಬೆಳೆಯನ್ನು ಕಿತ್ತು ಹೊಸದನ್ನು ಹಾಕುತ್ತಾರೆ. ತುಮಕೂರು ಜಿಲ್ಲೆಯಲ್ಲಿ ಇದ್ದುಕೊಂಡು, ಯಾವ ಪತ್ರಿಕೆಯ ನೌಕರಿಯಲ್ಲೂ ಇಲ್ಲದೆ, ಹೊಲ ಮತ್ತು ಅಡುಗೆಮನೆಯ ಬಗ್ಗೆ ಹಲವು ವರ್ಷಗಳಿಂದ ಬರೆಯುತ್ತಿರುವ ನಾನು ಈ ಕಸುಬಿಗೆ ಬರಬೇಕೆಂದಿರುವವರಿಗೆ ಹೇಳಬೇಕಾದದ್ದೆಲ್ಲ ಆ ಒಂದು ಸಾಲಿನಿಂದಲೇ ಹೊರಡುತ್ತದೆ. ನಿಮ್ಮ ಓದುಗರು ನೀವು ಬರೆದುದನ್ನು ನಂಬಿ ದುಡ್ಡು ಹಾಕುವವರು. ಆದ್ದರಿಂದ ಬರೆಯುವ ಪ್ರತಿಯೊಂದು ಅಂಕಿಗೂ ನೀವೇ ಹೊಣೆ.

ಮೊದಲಿಗೆ ನಿಮ್ಮ ಸೀಮೆಯನ್ನು ಗುರುತಿಸಿಕೊಳ್ಳಿ. ಇಡೀ ಕರ್ನಾಟಕದ ಕೃಷಿಯ ಬಗ್ಗೆ ಬರೆಯುತ್ತೇನೆಂದು ಹೊರಟವರು ದೂರವಾಣಿಯಲ್ಲೇ ಲೇಖನ ಮಾಡುವ ಅಭ್ಯಾಸಕ್ಕೆ ಬೀಳುತ್ತಾರೆ. ಬೆಳಿಗ್ಗೆ ಬಸ್ಸು ಹತ್ತಿ, ಎರಡು ತೋಟ ನೋಡಿ, ಸಂಜೆ ಮನೆ ಸೇರಲು ಆಗುವಷ್ಟು ದೂರವೇ ನಿಮ್ಮ ಸೀಮೆ. ನನಗೆ ಅದು ತಿಪಟೂರಿನ ಕೊಬ್ಬರಿ ಮಾರುಕಟ್ಟೆ, ಗುಬ್ಬಿ ತಾಲ್ಲೂಕಿನ ತೆಂಗು–ಹಲಸು, ಪಾವಗಡದ ಕಡಲೆಕಾಯಿ, ಹಿರೇಹಳ್ಳಿ ಮತ್ತು ಕೊನೇಹಳ್ಳಿಗಳ ಕೃಷಿ ವಿಜ್ಞಾನ ಕೇಂದ್ರಗಳು. ಈ ಚಿಕ್ಕ ವೃತ್ತದೊಳಗೇ ವಿಷಯಕ್ಕೆ ಬರವಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಹಲಸಿನ ಮರ, ಅದರ ತಾಮ್ರಗೆಂಪು ತೊಳೆಗಳ ಕಾರಣದಿಂದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಕಣ್ಣಿಗೆ ಬಿದ್ದು, ‘ಸಿದ್ದು’ ಎಂಬ ಹೆಸರಿನಲ್ಲಿ ನಾಡೆಲ್ಲ ಕಸಿ ಸಸಿಯಾಗಿ ಹರಡಿತು. ಆ ಮರ ಆ ದಾರಿಯಲ್ಲಿ ಓಡಾಡುವವರೆಲ್ಲರ ಕಣ್ಣೆದುರೇ ಎಷ್ಟೋ ವರ್ಷ ನಿಂತಿತ್ತು.

ಎರಡನೆಯದು ಕಾಲ. ಪುರವಣಿಯ ಸಂಪಾದಕರಿಗಿಂತ ದೊಡ್ಡ ಸಂಪಾದಕ ಮಳೆ. ಮೃಗಶಿರಾ ಮಳೆ ಜೂನ್ ಮೊದಲ ವಾರದ ಕೊನೆಗೆ ಹುಟ್ಟುತ್ತದೆ, ಆರಿದ್ರಾ ಅದಾಗಿ ಎರಡು ವಾರಕ್ಕೆ. ಈ ಲೆಕ್ಕ ಗೊತ್ತಿಲ್ಲದೆ ಹಳ್ಳಿಗೆ ಹೋದರೆ ‘ಯಾವಾಗ ಬಿತ್ತಿದಿರಿ’ ಎಂಬ ಪ್ರಶ್ನೆಗೆ ಬರುವ ಉತ್ತರವೇ ಅರ್ಥವಾಗುವುದಿಲ್ಲ. ಒಂದು ಗೋಡೆ ಪಂಚಾಂಗ ಕೊಂಡು, ಅದರಲ್ಲಿ ನಿಮ್ಮ ಸೀಮೆಯ ಬಿತ್ತನೆ, ಕಳೆ, ಕೊಯ್ಲು, ಒಕ್ಕಣೆ, ಜಾತ್ರೆ, ಪರಿಷೆಗಳನ್ನು ಬರೆದುಕೊಳ್ಳಿ. ಹೊಸಬರೆಲ್ಲ ಮಾಡುವ ತಪ್ಪೊಂದು ಇಲ್ಲಿದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ, ಆ ವಾರ ಪತ್ರಿಕೆಗಳಿಗೆಲ್ಲ ಕಡಲೆಕಾಯಿ ಲೇಖನ ಬೇಕಾಗುತ್ತದೆ. ಆದರೆ ಅಷ್ಟು ಹೊತ್ತಿಗೆ ಹೊಲದಲ್ಲಿ ಗಿಡ ಕಿತ್ತಾಗಿರುತ್ತದೆ, ಚಿತ್ರಕ್ಕೆ ಬರಿಯ ನೆಲ ಸಿಗುತ್ತದೆ. ಸೊಗಡಿನ ಅವರೆಯ ಲೇಖನ ಡಿಸೆಂಬರಿನಲ್ಲಿ ಅಚ್ಚಾಗಬೇಕಾದರೆ ನವೆಂಬರಿನಲ್ಲೇ ಕಳಿಸಬೇಕು, ಆಗ ಕಾಯಿ ಇನ್ನೂ ಬಲಿತಿರುವುದಿಲ್ಲ. ಪರಿಹಾರ ಒಂದೇ: ಈ ವರ್ಷ ತೆಗೆದ ಚಿತ್ರ ಮುಂದಿನ ವರ್ಷದ ಲೇಖನಕ್ಕೆ. ಬರೆಯಲು ವಿಷಯವಿರಲಿ ಬಿಡಲಿ, ಪ್ರತಿ ಹಂಗಾಮಿನಲ್ಲೂ ಹೂವು, ಕಾಯಿ, ಕೊಯ್ಲು, ಕಣ, ಸಂತೆ ಎಂದು ಚಿತ್ರ ತೆಗೆದು, ಊರು–ದಿನಾಂಕ ಸಮೇತ ಕಡತಗಳಲ್ಲಿ ಇಟ್ಟುಕೊಳ್ಳಿ. ಎರಡು ವರ್ಷ ತಾಳ್ಮೆಯಿಂದ ಇದನ್ನು ಮಾಡಿದ ಮೇಲೆ ನಿಮಗೆ ಸಿಗುವ ಅವಕಾಶಗಳು ಇಮ್ಮಡಿಯಾಗುತ್ತವೆ, ಏಕೆಂದರೆ ಕೊನೆ ಗಳಿಗೆಯಲ್ಲಿ ಚಿತ್ರ ಕೊಡಬಲ್ಲವರು ಬಹಳ ಕಡಿಮೆ.

ರೈತರನ್ನು ಕಾಣಲು ಯಾವ ಹೊತ್ತಿಗೆ ಹೋಗಬೇಕೆಂಬುದು ಚಿಕ್ಕ ಸಂಗತಿಯಂತೆ ಕಾಣುತ್ತದೆ, ಆದರೆ ಅರ್ಧ ಲೇಖನ ಅದರಲ್ಲೇ ನಿಂತಿದೆ. ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾರೂ ಕೂತು ಮಾತನಾಡುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ವಾರವಾದರೆ ಮನೆಯ ಯಜಮಾನ ಮಧ್ಯಾಹ್ನ ನಿದ್ದೆಯಲ್ಲಿರುತ್ತಾನೆ, ಎಬ್ಬಿಸಿ ಕೂರಿಸಿದರೆ ಸಿಗುವುದು ಹೂಂ, ಹೌದು ಎಂಬ ಉತ್ತರ. ‘ಈ ವಾರ ಕರೆಂಟು ಯಾವ ಪಾಳಿ’ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಆ ಒಂದು ಪ್ರಶ್ನೆಯಿಂದಲೇ ನಿಮ್ಮ ಮೇಲೆ ಅವರಿಗೆ ಗೌರವ ಹುಟ್ಟುತ್ತದೆ. ಹೋದ ಮೇಲೆ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರಬೇಡಿ, ತೋಟದಲ್ಲಿ ನಡೆಯಿರಿ. ನಡೆಯುವಾಗ ಒಣಗಿದ ಸಾಲು ಕಾಣುತ್ತದೆ, ಕೆಟ್ಟು ನಿಂತ ಬೋರ್‌ವೆಲ್ ಕಾಣುತ್ತದೆ, ಕೇಳಬೇಕಾದ ಪ್ರಶ್ನೆ ಅಲ್ಲೇ ಹುಟ್ಟುತ್ತದೆ. ಹೆಂಗಸರೊಡನೆ ಬೇರೆಯಾಗಿ ಮಾತನಾಡಲೇಬೇಕು. ಬೀಜ ಎತ್ತಿಡುವುದು, ಕಳೆ ಕೀಳುವುದು, ಹಾಲು ಕರೆಯುವುದು, ಅಡುಗೆ ಎಲ್ಲವೂ ಅವರ ಕೈಯಲ್ಲಿದ್ದು, ಲೇಖನದಲ್ಲಿ ಮಾತ್ರ ‘ಪತ್ನಿಯ ಸಹಕಾರ’ ಎಂಬ ಎರಡು ಪದವಾಗಿ ಉಳಿಯುವುದನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ.

ಅಂಕಿಯ ವಿಷಯ

ಕೃಷಿ ಪುಟಗಳಲ್ಲಿ ಅತಿ ಹೆಚ್ಚು ಓದಿಸಿಕೊಳ್ಳುವುದು ಯಶೋಗಾಥೆ. ‘ಎಕರೆಗೆ ಎರಡು ಲಕ್ಷ ಲಾಭ’ ಎಂಬ ಶೀರ್ಷಿಕೆಗೆ ಇರುವ ಸೆಳೆತ ‘ಮೂರು ವರ್ಷ ನಷ್ಟ, ನಾಲ್ಕನೆಯ ವರ್ಷ ಸಮ’ ಎಂಬುದಕ್ಕೆ ಇಲ್ಲ. ಆದರೆ ರೈತರು ಲಾಭವೆಂದು ಹೇಳುವುದು ಹಲವು ಸಲ ಮಾರಾಟದಿಂದ ಬಂದ ಒಟ್ಟು ಹಣ. ಸುಳ್ಳು ಹೇಳಬೇಕೆಂಬ ಉದ್ದೇಶ ಅವರಿಗಿಲ್ಲ. ಮನೆಯವರ ದುಡಿಮೆ, ಸ್ವಂತ ಗೊಬ್ಬರ, ಎತ್ತಿಟ್ಟ ಬೀಜ ಇವನ್ನು ಖರ್ಚೆಂದು ಲೆಕ್ಕ ಹಾಕುವ ರೂಢಿ ನಮ್ಮಲ್ಲಿಲ್ಲ, ಅಷ್ಟೆ. ಆದ್ದರಿಂದ ಲಾಭವೆಷ್ಟು ಎಂದು ಕೇಳುವ ಬದಲು ಬಿಡಿಬಿಡಿಯಾಗಿ ಕೇಳಿ. ಎಷ್ಟು ಗುಂಟೆ, ಎಷ್ಟು ಚೀಲ, ಯಾವ ತಿಂಗಳು, ಯಾವ ಮಂಡಿ, ಕೈಗೆ ಬಂದ ಚೀಟಿಯಲ್ಲಿ ದಲಾಲಿ ಮತ್ತು ಹಮಾಲಿ ಎಷ್ಟು ಕಡಿದಿದ್ದಾರೆ, ಗ್ರೇಡ್ ಆಗದೆ ಉಳಿದ ಮಾಲು ಏನಾಯಿತು, ಬೋರ್‌ವೆಲ್ ಎಷ್ಟನೆಯದು, ಡ್ರಿಪ್ಪಿಗೆ ಸಹಾಯಧನ ಬಂದಿತೋ ಇಲ್ಲವೋ. ಸಾಧ್ಯವಾದರೆ ತೂಕದ ಚೀಟಿಯನ್ನೇ ತೋರಿಸುವಂತೆ ವಿನಯದಿಂದ ಕೇಳಿ. ಬೆಲೆ ಹೇಳುವಾಗ ಅದು ಬೆಂಬಲ ಬೆಲೆಯೋ ಮಾರುಕಟ್ಟೆಯ ಬೆಲೆಯೋ ಎಂಬುದೂ ಸ್ಪಷ್ಟವಾಗಿರಲಿ. 2024–25ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ, ಆದರೆ ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸದೆ ಊರಿನ ವ್ಯಾಪಾರಿಗೆ ಕೊಟ್ಟವರಿಗೆ ಆ ಅಂಕಿ ಅನ್ವಯಿಸುವುದಿಲ್ಲ.

ಅಂಕಿ ಸರಿಯಿದ್ದರೂ ಲೇಖನ ಹಾದಿ ತಪ್ಪಿಸಬಹುದು ಎಂಬುದಕ್ಕೆ ಟೊಮೆಟೊಗಿಂತ ಒಳ್ಳೆಯ ನಿದರ್ಶನ ಇನ್ನೊಂದಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತ್ತು. ಟೊಮೆಟೊ ಬೆಳೆದು ಲಕ್ಷಾಧೀಶರಾದವರ ಕಥೆಗಳು ಎಲ್ಲ ಕಡೆ ಬಂದವು, ಒಂದೊಂದೂ ನಿಜವೇ. ಆದರೆ ನಾಟಿ ಮಾಡಿದ ಟೊಮೆಟೊ ಮೊದಲ ಬಿಡಿಸುವಿಕೆಗೆ ಬರಲು ಎರಡು ತಿಂಗಳಿಗೂ ಮೇಲೆ ಬೇಕು. ಆ ಕಥೆಗಳನ್ನು ಓದಿ ನಾಟಿ ಮಾಡಿದವರ ಹಣ್ಣು ಮಾರುಕಟ್ಟೆಗೆ ಬರುವ ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಹಾಗಾಗಿ ಇಂಥ ಲೇಖನದಲ್ಲಿ ಬೆಲೆಯ ಪಕ್ಕದಲ್ಲೇ ‘ಈಗ ನಾಟಿ ಮಾಡಿದರೆ ಕೊಯ್ಲು ಯಾವಾಗ, ಕಳೆದ ಮೂರು ವರ್ಷ ಆ ತಿಂಗಳಲ್ಲಿ ಬೆಲೆ ಎಷ್ಟಿತ್ತು’ ಎಂಬ ಒಂದು ವಾಕ್ಯ ಇರಲೇಬೇಕೆಂದು ನಾನು ನಿಯಮ ಮಾಡಿಕೊಂಡಿದ್ದೇನೆ. ಹಳೆಯ ಬೆಲೆಗಳನ್ನು ರಾಜ್ಯದ ಕೃಷಿ ಮಾರಾಟವಾಹಿನಿ ಜಾಲತಾಣದಲ್ಲಿ ಮಾರುಕಟ್ಟೆವಾರು, ದಿನಾಂಕವಾರು ನೋಡಬಹುದು. ಅರ್ಧ ಗಂಟೆಯ ಕೆಲಸ.

ನನ್ನ ಸ್ವಂತ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸುವ ಬಗ್ಗೆ ಬರೆಯುವಾಗ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣಕ್ಕೆ 100 ಲೀಟರ್ ನೀರು ಎಂದಿರಬೇಕಾದಲ್ಲಿ ನನ್ನ ಕೈಯಿಂದ ಒಂದು ಸೊನ್ನೆ ಬಿದ್ದುಹೋಗಿ 10 ಲೀಟರ್ ಎಂದಾಯಿತು, ಹಾಗೆಯೇ ಅಚ್ಚಾಯಿತು. ಆ ಪ್ರಮಾಣದಲ್ಲಿ ಬೆರೆಸಿದರೆ ಸಿಗುವುದು ಗಾಯವಾದ ಕಾಂಡಕ್ಕೆ ಬಳಿಯುವ ಬೋರ್ಡೋ ಮುಲಾಮು, ಗೊನೆಗೆ ಸಿಂಪಡಿಸುವ ದ್ರಾವಣವಲ್ಲ. ಬೆಳಿಗ್ಗೆ ಆರೂವರೆಗೆ ಮೊದಲ ಫೋನ್ ಬಂತು. ‘ಮೇಡಂ, ಇದು ಗನ್ನಿನಲ್ಲಿ ಹೊರಡೋದೇ ಇಲ್ಲ’ ಎಂದು ಆ ಕಡೆಯವರು ನಕ್ಕರು. ಅವರು ಅನುಭವಸ್ಥರಾದ್ದರಿಂದ ನಕ್ಕರು. ಮೊದಲ ಸಲ ಔಷಧಿ ಹೊಡೆಯುವವರು ನಗುತ್ತಿರಲಿಲ್ಲ. ತಿದ್ದುಪಡಿ ಎರಡು ವಾರ ಬಿಟ್ಟು ಪುಟದ ಮೂಲೆಯಲ್ಲಿ ಬಂತು. ಅಂದಿನಿಂದ ಔಷಧಿ, ಗೊಬ್ಬರ, ಬೀಜದ ಪ್ರಮಾಣಗಳನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ಆ ಪ್ಯಾರಾ ಮಾತ್ರ ಕಳಿಸಿ ನೋಡಿಸಿಕೊಂಡ ಮೇಲೆಯೇ ಲೇಖನ ಕಳಿಸುತ್ತೇನೆ. ಇಡೀ ಲೇಖನವನ್ನು ಮೊದಲೇ ಓದಲು ಕೊಡಬೇಕಾಗಿಲ್ಲ, ಕೊಡಲೂಬಾರದು.

ಅಳತೆ ಮತ್ತು ಹೆಸರುಗಳಲ್ಲೂ ಇಷ್ಟೇ ಎಚ್ಚರ ಬೇಕು. ಒಂದು ಎಕರೆಗೆ 40 ಗುಂಟೆಯಾದರೆ ಕರಾವಳಿಯವರ ಲೆಕ್ಕ 100 ಸೆಂಟ್ಸ್. ಸೇರು, ಕೊಳಗ, ಖಂಡುಗಗಳ ತೂಕ ಊರಿಂದೂರಿಗೆ ಬೇರೆ, ಆದ್ದರಿಂದ ಅವರ ಮಾತಿನಲ್ಲೇ ಬರೆದು ಪಕ್ಕದಲ್ಲಿ ಕೆ.ಜಿ. ಲೆಕ್ಕ ಕೊಡಿ. ನಮ್ಮ ಕಡೆಯ ಮುಸುಕಿನ ಜೋಳ ದಾವಣಗೆರೆಯಲ್ಲಿ ಮೆಕ್ಕೆಜೋಳ, ಧಾರವಾಡದಲ್ಲಿ ಗೋವಿನಜೋಳ. ನಮ್ಮ ಕಡಲೆಕಾಯಿ ಅಲ್ಲಿ ಶೇಂಗಾ, ಅಲ್ಲಿಯವರು ಕಡಲೆ ಎಂದರೆ ಬೇರೆಯದೇ ಬೆಳೆ.

ಅಡುಗೆಯ ಬರಹ

ಆಹಾರದ ಬಗ್ಗೆ ಬರೆಯುವುದು ಕೃಷಿಗಿಂತ ಸುಲಭವೆಂದು ತಿಳಿದವರೇ ಹೆಚ್ಚು. ರುಚಿಯನ್ನು ಹೊಗಳಲು ಏನೂ ಕಷ್ಟವಿಲ್ಲ ನಿಜ. ‘ಬಾಯಲ್ಲಿ ನೀರೂರಿಸುವ’ ಎಂಬ ಪದ ಬರೆದೊಡನೆ ಲೇಖನ ಮುಗಿಯಿತೆಂದು ಭಾವಿಸುವವರಿದ್ದಾರೆ. ಆದರೆ ಹಳ್ಳಿಯ ಅಡುಗೆಯನ್ನು ಇನ್ನೊಬ್ಬರು ಮಾಡಲು ಆಗುವಂತೆ ಬರೆಯುವುದು ನಿಜವಾದ ಕೆಲಸ. ಮುಂಗಾರಿನಲ್ಲಿ ರಾಗಿ ಹೊಲದ ಕಳೆ ಕೀಳುವಾಗ ಹೆಂಗಸರು ಮಡಿಲು ತುಂಬ ತರುವ ಬೆರಕೆ ಸೊಪ್ಪಿನ ಬಗ್ಗೆ ಬರೆಯಲು ಒಮ್ಮೆ ಕುಣಿಗಲ್ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಅಜ್ಜಿಯೊಬ್ಬರು ಒಲೆಯ ಮುಂದೆ ಕೂತು ಮಸ್ಸೊಪ್ಪು ಮಾಡುತ್ತಿದ್ದರು. ಬೇಳೆ ಎಷ್ಟು ಎಂದು ಕೇಳಿದಾಗ, ‘ಒಂದ್ ಹಿಡಿ, ಇನ್ನೊಂದ್ ಅರೆಹಿಡಿ’ ಎಂದರು. ನಾನು ಬರೆದುಕೊಳ್ಳುವುದನ್ನು ನೋಡಿ, ‘ನನ್ ಹಿಡಿ ಬೇರೆ, ನಿನ್ ಹಿಡಿ ಬೇರೆ ಕಣವ್ವ, ಬರಕಂಡ್ ಏನ್ ಮಾಡ್ತೀಯ’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅಂದಿನಿಂದ ನನ್ನ ಚೀಲದಲ್ಲಿ ಅಂಗೈಯಗಲದ ಒಂದು ತಕ್ಕಡಿ ಇರುತ್ತದೆ. ಅವರು ಹಾಕುವ ಮೊದಲು ಆ ಹಿಡಿಯನ್ನು ತಟ್ಟೆಗೆ ಸುರಿಸಿ ತೂಗುತ್ತೇನೆ, ಉಪ್ಪು, ಹುಣಸೆ, ಖಾರ ಎಲ್ಲವನ್ನೂ. ಒಲೆಯ ಉರಿ ಎಷ್ಟಿತ್ತು, ಎಷ್ಟು ನಿಮಿಷ ಬೆಂದಿತು, ಮಡಕೆಯೋ ಅಲ್ಯೂಮಿನಿಯಮ್ ಪಾತ್ರೆಯೋ ಎಂದು ಬರೆದುಕೊಂಡು, ಮನೆಯಲ್ಲಿ ಗ್ಯಾಸ್ ಒಲೆಯ ಮೇಲೆ ಒಮ್ಮೆ ಮಾಡಿ ನೋಡಿದ ನಂತರವೇ ವಿಧಾನವನ್ನು ಬರೆಯುತ್ತೇನೆ.

ಬೆರಕೆ ಸೊಪ್ಪಿನಲ್ಲಿ ಇನ್ನೊಂದು ಅಪಾಯವಿದೆ. ಅಣ್ಣೆ, ಗಣಿಕೆ, ಹೊನಗೊನೆ ಎಂಬ ಹೆಸರು ಓದಿ ಪೇಟೆಯವರು ಪಾರ್ಕಿನ ಬದಿಯಲ್ಲಿ ಕಂಡ ಸೊಪ್ಪನ್ನೆಲ್ಲ ಕಿತ್ತು ತಂದಾರು. ಎಲೆ, ಕಾಂಡ, ಹೂವು ಮೂರೂ ಕಾಣುವ ಚಿತ್ರ ತೆಗೆದು, ಸಸ್ಯಶಾಸ್ತ್ರ ಬಲ್ಲವರಿಗೆ ತೋರಿಸಿ ಖಚಿತಪಡಿಸಿಕೊಳ್ಳದೆ ಕಾಡುಸೊಪ್ಪಿನ ಬಗ್ಗೆ ಬರೆಯಬೇಡಿ. ಮಲೆನಾಡಿನ ಕಳಲೆಯನ್ನು (ಎಳೆ ಬಿದಿರು) ದಿನವೂ ನೀರು ಬದಲಿಸುತ್ತ ನೆನೆಸಿಡದೆ ತಿನ್ನಬಾರದೆಂಬ ಮಾತು, ಕೆಸುವಿನೆಲೆಗೆ ಹುಳಿ ಬೀಳದಿದ್ದರೆ ಗಂಟಲು ಕೆರೆಯುತ್ತದೆಂಬ ಮಾತು ಆ ಊರಿನವರಿಗೆ ಎಷ್ಟು ಸಹಜವೆಂದರೆ ಅವರು ಹೇಳುವುದನ್ನೇ ಮರೆಯುತ್ತಾರೆ. ಕೇಳಿ ಬರೆಯಬೇಕಾದವರು ನೀವು. ‘ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ’ ಎಂಬ ಬಗೆಯ ವಾಕ್ಯವನ್ನು ಯಾರೇ ಹೇಳಿದರೂ ಬಿಟ್ಟುಬಿಡಿ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗ ನವಣೆ, ಸಾಮೆ, ಹಾರಕ, ಊದಲುಗಳ ಬಗ್ಗೆ ಬಂದ ಲೇಖನಗಳ ರಾಶಿಯಲ್ಲಿ ಬೆಳೆದವರಿಗೆ ಸಿಕ್ಕ ಬೆಲೆಯ ಮಾತಿಗಿಂತ ತಿಂದವರಿಗೆ ವಾಸಿಯಾದ ರೋಗಗಳ ಪಟ್ಟಿಯೇ ಉದ್ದವಿತ್ತು.

ಕಳಿಸುವುದು, ಹಣ ಪಡೆಯುವುದು

ಲೇಖನ ಪೂರ್ತಿ ಬರೆದು ಕಳಿಸುವ ಮೊದಲು ಐದಾರು ಸಾಲಿನ ಸಾರಾಂಶವನ್ನು ಪುರವಣಿಯ ಮುಖ್ಯಸ್ಥರಿಗೆ ಕಳಿಸಿ. ಯಾವ ಊರು, ಯಾವ ಬೆಳೆ, ಹೊಸತೇನು, ಯಾವ ವಾರಕ್ಕೆ ಹೊಂದುತ್ತದೆ, ಚಿತ್ರ ಇದೆಯೇ ಎಂಬಿಷ್ಟೇ ಸಾಕು. ಪುಟ ಸಾಮಾನ್ಯವಾಗಿ 400ರಿಂದ 600 ಪದ ಹಿಡಿಯುತ್ತದೆ. 1,500 ಪದ ಕಳಿಸಿ ‘ನೀವೇ ಕಡಿಮೆ ಮಾಡಿಕೊಳ್ಳಿ’ ಎಂದರೆ ಮುಂದಿನ ಸಲ ಉತ್ತರವೇ ಬರುವುದಿಲ್ಲ. ಬರಹ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯೂನಿಕೋಡ್‌ನಲ್ಲಿ ಬೇಕೋ ಎಂದು ಕೇಳಿಕೊಳ್ಳಿ, ಏಕೆಂದರೆ ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಕೆಟ್ಟು ಉಪಸಂಪಾದಕರ ಒಂದು ಗಂಟೆ ತಿನ್ನುತ್ತವೆ. ಚಿತ್ರಗಳನ್ನು ಲೇಖನದ ಕಡತದೊಳಗೆ ಅಂಟಿಸದೆ ಬೇರೆಯಾಗಿ, ಮೂಲ ಗಾತ್ರದಲ್ಲೇ, ಅಡಿಬರಹದೊಡನೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಚಿತ್ರ ಅಚ್ಚಿಗೆ ಬಾರದು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಪತ್ರಿಕೆಗೆ ಕಳಿಸುವುದು ಈ ಕ್ಷೇತ್ರದಲ್ಲಿ ಮರೆಯಲಾಗದ ಅಪರಾಧ. ಬದಲಿಗೆ ಒಂದೇ ಭೇಟಿಯಿಂದ ಬೇರೆ ಬೇರೆ ಲೇಖನ ಮಾಡಿ: ಹಲಸಿನ ತೋಟದ ಬಗ್ಗೆ ಕೃಷಿ ಪುಟಕ್ಕೆ, ಹಲಸಿನ ಬೀಜದ ಅಡುಗೆ ವಾರಪತ್ರಿಕೆಗೆ, ಕಸಿ ಕಟ್ಟುವವರ ಬದುಕು ಇನ್ನೊಂದೆಡೆಗೆ, ಆಕಾಶವಾಣಿಯ ಕೃಷಿ ವಿಭಾಗಕ್ಕೆ ಒಂದು ಮಾತುಕತೆ.

ಹೊಸಬರು ‘ಅಡಿಕೆ ಪತ್ರಿಕೆ’ಯ ಹಳೆಯ ಸಂಚಿಕೆಗಳನ್ನು ಎಲ್ಲಿಯಾದರೂ ಹುಡುಕಿ ಓದಬೇಕು. 1980ರ ದಶಕದ ಕೊನೆಯಲ್ಲಿ ಪುತ್ತೂರಿನಿಂದ ಹೊರಟ, ಶ್ರೀಪಡ್ರೆಯವರು ಕಟ್ಟಿ ಬೆಳೆಸಿದ ಆ ಮಾಸಿಕ ‘ಕೃಷಿಕರ ಕೈಗೆ ಲೇಖನಿ’ ಎಂಬ ಮಾತನ್ನು ಆಚರಣೆಗೆ ತಂದಿತು, ರೈತರನ್ನೇ ಬರಹಗಾರರನ್ನಾಗಿ ಮಾಡಿತು. ಲೇಖನದಲ್ಲಿ ಯಾವ ಪ್ರಶ್ನೆಗೆ ಉತ್ತರವಿರಬೇಕೆಂಬುದು ಬೆಳೆಯುವವರಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಪಾಠ ಬೇಡ.

ಹಣದ ಬಗ್ಗೆ ಮುಚ್ಚಿಡುವುದೇನೂ ಇಲ್ಲ. ನನ್ನ ಮೊದಲ ಲೇಖನಕ್ಕೆ ಬಂದ ಸಂಭಾವನೆ 400 ರೂಪಾಯಿ, ಬಸ್ಸು–ಆಟೋಗೆ ಹೋದದ್ದು 260, ಚೆಕ್ಕು ಬಂದದ್ದು ಐದು ತಿಂಗಳಿಗೆ. ಬರಿಯ ಪತ್ರಿಕಾ ಲೇಖನಗಳಿಂದ ಸಂಸಾರ ಸಾಗುವುದಿಲ್ಲ. ಕೃಷಿ ಕೈಪಿಡಿಗಳ ಅನುವಾದ, ರೈತ ಉತ್ಪಾದಕ ಕಂಪನಿಗಳಿಗೆ ಬೇಕಾದ ಕಿರುಹೊತ್ತಿಗೆ ಮತ್ತು ಪೊಟ್ಟಣದ ಮೇಲಿನ ಬರಹ, ಸಂಘಸಂಸ್ಥೆಗಳ ದಾಖಲೀಕರಣ ಇವು ನನ್ನ ಮನೆಯ ಬಾಡಿಗೆ ಕಟ್ಟಿವೆ. ಆದರೆ ಯಾರಿಂದ ಹಣ ಪಡೆದಿರುವಿರೋ ಅವರ ಬಗ್ಗೆ ಪತ್ರಿಕೆಯಲ್ಲಿ ಬರೆಯಬಾರದು. ನರ್ಸರಿಯವರು ಕಾರು ಕಳಿಸಿ, ಊಟ ಹಾಕಿಸಿ, ಹತ್ತು ಸಸಿ ಕೊಟ್ಟು ಕಳಿಸಿದ ದಿನ ಬರೆದ ಲೇಖನ ಜಾಹೀರಾತೇ ಹೊರತು ಬೇರೇನಲ್ಲ. ಊರಿನವರಿಗೆ ಅದು ಮರುದಿನವೇ ತಿಳಿಯುತ್ತದೆ. ಪ್ರತಿ ಲೇಖನಕ್ಕೂ ಕಳಿಸಿದ ದಿನ, ಅಚ್ಚಾದ ದಿನ, ಬರಬೇಕಾದ ಹಣ, ಬಂದ ಹಣ ಎಂದು ನಾಲ್ಕು ಕಲಮಿನ ಒಂದು ಪುಸ್ತಕ ಇಡಿ. ಮೂರು ತಿಂಗಳು ಕಳೆದರೆ ಸಂಕೋಚವಿಲ್ಲದೆ ನೆನಪಿಸಿ. ಮೂಲದಲ್ಲಿ ತೆರಿಗೆ ಕಡಿದುಕೊಂಡು ಹಣ ಕೊಟ್ಟವರು ಅದನ್ನು ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆ ಮಾಡಿದ್ದಾರೆಯೇ ಎಂದು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೌಕರರಲ್ಲದ ಬರಹಗಾರರು ಬೇರೆ ಒಪ್ಪಂದಕ್ಕೆ ಸಹಿ ಹಾಕದಿದ್ದರೆ ಲೇಖನದ ಹಕ್ಕು ಅವರದ್ದೇ. ಮುಂದೊಂದು ದಿನ ಪುಸ್ತಕ ಮಾಡುವ ಆಸೆಯಿದ್ದರೆ ‘ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಡುತ್ತೇನೆ’ ಎಂಬ ಸಾಲಿರುವ ಕಾಗದವನ್ನು ಎರಡು ಸಲ ಓದಿ.

ಕೊನೆಗೆ ಮತ್ತೆ ಆ ಸಂಪರ್ಕ ಸಂಖ್ಯೆ. ಅದನ್ನು ಹಾಕಬಹುದೇ ಎಂದು ಭೇಟಿಯ ದಿನ ಒಮ್ಮೆ, ಅಚ್ಚಾಗುವ ಹಿಂದಿನ ವಾರ ಇನ್ನೊಮ್ಮೆ ಕೇಳಿ, ಯಾವ ಹೊತ್ತು ಎಂಬುದನ್ನೂ ಬರೆದುಕೊಳ್ಳಿ. ಸೂಚನೆ ಇಲ್ಲದೆ ಸಂಖ್ಯೆ ಹಾಕಿದ ನನ್ನ ಲೇಖನವೊಂದರಿಂದ ಒಬ್ಬ ರೈತರು ಹದಿನೈದು ದಿನ ಫೋನನ್ನು ಮಗನ ಕೈಗೆ ಕೊಟ್ಟು ಹೊಲಕ್ಕೆ ಹೋಗಬೇಕಾಯಿತು. ಸಂಖ್ಯೆಯನ್ನು ನಿಮ್ಮ ಫೋನಿನಲ್ಲೂ ಉಳಿಸಿಕೊಂಡು, ವರ್ಷದ ನಂತರ ಅದೇ ಹಂಗಾಮಿನಲ್ಲಿ ನೀವೇ ಕರೆ ಮಾಡಿ. ಬೆಳೆ ಇನ್ನೂ ಇದೆಯೇ, ಕಿತ್ತರೇ, ನೋಡಲು ಬಂದವರಲ್ಲಿ ಎಷ್ಟು ಮಂದಿ ಹಾಕಿದರು, ಅವರಿಗೇನಾಯಿತು ಎಂದು ಕೇಳಿ. ಸಾಧ್ಯವಾದರೆ ಮತ್ತೆ ಬಸ್ಸು ಹತ್ತಿ ಹೋಗಿ ನೋಡಿ ಬನ್ನಿ. ಕಳೆದ ಬಾರಿ ಹೀಗೆ ಹೋದಾಗ ನಾನು ಹೊಗಳಿ ಬರೆದಿದ್ದ ತೋಟದ ಅರ್ಧ ಭಾಗ ಮತ್ತೆ ರಾಗಿಯಾಗಿತ್ತು. ರಾಗಿಯ ನಡುನಡುವೆ ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ಯಜಮಾನರು ಸ್ವಲ್ಪ ಮುಜುಗರದಿಂದಲೇ, ‘ಇದನ್ನೂ ಬರೀತೀರಾ ಮೇಡಂ?’ ಎಂದು ಕೇಳಿದರು. ಬರೆದೆ. ಆ ಲೇಖನಕ್ಕೂ ಫೋನುಗಳು ಬಂದವು.